ಬದಲಿಯವನು ಬರುವ ತನಕ

ಪೇದೆಯ ಮನೆಯಲ್ಲಿ ಊಟಕ್ಕೆ ಕೂತಾಗ ಸಂಬಳದ ಮಾತು ಬಾರದೆ ಇರುತ್ತಿರಲಿಲ್ಲ. ಹೆಂಡತಿಯ ತಮ್ಮ ಅಂಟು ತಯಾರಿಸುವ ಕಾರ್ಖಾನೆಯ ಅಂಟು ಕುದಿಸುವ ವಿಭಾಗದಲ್ಲಿದ್ದ. ರಜೆಯ ದಿನ ಬಂದರೆ ತಟ್ಟೆಯ ಮುಂದೆಯೇ ಶುರುಮಾಡುತ್ತಿದ್ದ.

"ಭಾವ, ನಿಮ್ಮ ಸಂಬಳಾನೂ ನನ್ನ ಸಂಬಳಾನೂ ತಕ್ಕಡಿಗೆ ಹಾಕಿದ್ರೆ ನನ್ನದೇ ಕೆಳಗೆ. ಓಟಿ ಬೇರೆ."

"ತೂಗಪ್ಪ, ತೂಗು. ನಿನ್ನ ಫ್ಯಾಕ್ಟರಿಗೆ ಬೀಗ ಬಿದ್ದ ದಿನ ನನ್ನ ಪಿಂಚಣಿ ಮುಂದೆ ಕೈಕಟ್ಟಿ ನಿಲ್ತೀಯ."

"ಇಬ್ಬರದೂ ಸೇರಿಸಿದ್ರೂ ಈ ಮನೆ ಸೋರೋದು ನಿಂತಿಲ್ಲ, ಸುಮ್ಮನೆ ಉಣ್ಣಿ," ಎಂದು ಅಕ್ಕ ಇಬ್ಬರ ಬಾಯನ್ನೂ ಮುಚ್ಚಿಸುತ್ತಿದ್ದಳು.

ಬೀಗ ನಿಜವಾಗಿಯೂ ಬಿತ್ತು. ಸಂಬಳ ಹೆಚ್ಚಿಸಿ ಎಂದು ಕೆಲಸಗಾರರು ರಸ್ತೆಯಲ್ಲಿ ಕೂತರು. ಮಾಲೀಕ ಗೇಟು ಹಾಕಿಸಿದ. ಚಿಕ್ಕ ಗೇಟಿನ ಕೀಲಿ ಪೇದೆಯ ಕೈಗೆ ಬಂತು. "ಹೊರಗೆ ಬರೋರು ಬರಲಿ. ಒಳಗೆ ಒಂದು ನರಪಿಳ್ಳೆ ಹೋದರೂ ನಿನ್ನ ಇನ್‌ಕ್ರಿಮೆಂಟ್ ಮರೆತುಬಿಡು," ಎಂದು ಇನ್ಸ್‌ಪೆಕ್ಟರು ಎಲ್ಲರಿಗೂ ಕೇಳುವಂತೆ ಹೇಳಿ ಜೀಪು ಹತ್ತಿದ್ದರು.

ಬಿಸಿಲು ನೆತ್ತಿಗೆ ಬಂದರೂ ಪೇದೆಯನ್ನು ಬಿಡಿಸಲು ಬದಲಿಯವನು ಬಂದಿರಲಿಲ್ಲ. ಬೂಟಿನೊಳಗೆ ಕಾಲು ಉರಿಯುತ್ತಿತ್ತು. ತನಗಿಂತ ಹೆಚ್ಚು ಸಂಬಳ ಎಣಿಸುವವರು ಇನ್ನೂ ಬೇಕೆಂದು ಕೂತಿದ್ದಾರೆ. ತಾನು ಹೀಗೆ ಕೇಳುವುದಿರಲಿ, ಕೂರುವಂತೆಯೂ ಇಲ್ಲ.

ಗುಂಪಿನಿಂದ ಎದ್ದ ಭಾಮೈದ ಗೇಟಿನ ಹತ್ತಿರ ಬಂದ.

"ಭಾವ, ಒಳಗೆ ತಾತ ಇದ್ದಾನೆ." ಅವರ ವಿಭಾಗದ ಹಿರಿಯನನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ. "ನಿನ್ನೆ ಪಾಳಿಗೆ ಹೋದವನು."

"ಬರಲಿ. ಬರೋದಕ್ಕೇನು ಅಡ್ಡಿ?"

"ಬರಲ್ಲ. ಕೊಪ್ಪರಿಗೇಲಿ ಮಾಲು ಕುದೀತಿದೆ. ಅದು ಆರೋ ತನಕ ವಾಲ್ವ್ ಹತ್ತಿರ ಒಬ್ಬರು ಇರಲೇಬೇಕು, ಇಲ್ಲಾಂದ್ರೆ ಸಿಡಿಯುತ್ತೆ. ಬದಲಿಯವನು ಬಂದು ವಾಲ್ವ್ ಮೇಲೆ ಕೈಯಿಡೋ ತನಕ ನಮ್ಮಲ್ಲಿ ಯಾರೂ ಜಾಗ ಬಿಡಲ್ಲ. ಆ ಬದಲಿ ನಾನೇ. ಕೂತೋರೆಲ್ಲ ಒಪ್ಪಿದ್ದಾರೆ."

ಪೇದೆ ಇನ್ಸ್‌ಪೆಕ್ಟರಿಗೆ ಫೋನು ಮಾಡಿದ. "ಹೇಳಿದ್ದು ಕಿವಿಗೆ ಬೀಳಲಿಲ್ವಾ?" ಎಂದಷ್ಟೇ ಬಂತು, ಫೋನು ಕಟ್ಟಾಯಿತು.

ಹಿಂದೆ ಖಜಾನೆಯ ಕಾವಲಿಗಿದ್ದಾಗ ಒಮ್ಮೆ ಪೇದೆಯ ಮೈ ಜ್ವರದಲ್ಲಿ ಕೆಂಡವಾಗಿತ್ತು. ಬದಲಿಯವನು ಬಂದು ಕೈಯಿಂದ ಬಂದೂಕು ತೆಗೆದುಕೊಳ್ಳುವ ತನಕ ಗೋಡೆಗೆ ಒರಗಿಯೂ ಇರಲಿಲ್ಲ ಅವನು. ಆಗ ಯಾರೂ ಹಾಗೆ ನಿಲ್ಲೆಂದು ಹೇಳಿರಲಿಲ್ಲ.

ಕೀಲಿ ತಿರುಗಿತು.

"ಭಾವ, ಇನ್‌ಕ್ರಿಮೆಂಟು..."

"ಹೋಗೋ. ಅಕ್ಕನಿಗೆ ನಾನೇ ಹೇಳ್ತೀನಿ."

ಸ್ವಲ್ಪ ಹೊತ್ತಿಗೆ ತಾತ ಹೊರಬಂದ. ಕಣ್ಣು ಕೆಂಪಾಗಿತ್ತು, ತೋಳಿನ ತುಂಬ ಒಣಗಿದ ಅಂಟು. ಬಿಸಿಲಿಗೆ ಅಂಗೈ ಅಡ್ಡ ಹಿಡಿದು ನಿಂತು, ಪೇದೆಯನ್ನು ಅಡಿಯಿಂದ ಮುಡಿಯ ತನಕ ನೋಡಿದ.

"ನಿಮ್ಮ ಬದಲಿಯವರು ಇನ್ನೂ ಬಂದಿಲ್ವಾ ಸ್ವಾಮಿ?"

ರಸ್ತೆಯ ತಿರುವಿನಲ್ಲಿ ಇನ್ಸ್‌ಪೆಕ್ಟರ ಜೀಪಿನ ಧೂಳೆದ್ದಿತು.

"ಬಂದ್ರು," ಎಂದ ಪೇದೆ. ಟೋಪಿ ಸರಿಮಾಡಿಕೊಂಡು, ಬಂದವರ ಕೈಗೆ ಕೊಡಬೇಕಾದ ಕೀಲಿಯನ್ನು ಅಂಗೈಯಲ್ಲಿ ಹಿಡಿದು, ನಿಂತ ಜಾಗದಲ್ಲೇ ನಿಂತ.