ಇನ್ನೊಂದು ಶೆಡ್ಡು

ಚಳಿ ಬಿಡುವ ಕಾಲ. ಸಂಶೋಧನಾ ಕೇಂದ್ರದ ಹಿತ್ತಲಿನ ಶೆಡ್ಡಿನಲ್ಲಿ ಮೊಲದಣ್ಣ ಬೆಳಗಿನ ಹುಲ್ಲಿನ ಇಬ್ಬನಿ ಒದರುತ್ತಿದ್ದ. ಒದ್ದೆ ಹುಲ್ಲು ತಿಂದರೆ ಮೊಲಗಳಿಗೆ ಹೊಟ್ಟೆ ಉಬ್ಬರಿಸುತ್ತದೆ. ಹತ್ತೊಂಬತ್ತು ವರ್ಷ ಇದೇ ಕೆಲಸ ಮಾಡಿದ್ದರಿಂದ ಅವನ ನಿಜವಾದ ಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ.

ಅಲ್ಲಿ ಮೊಲಗಳ ಮಿದುಳಿನಲ್ಲಿ ಗಡ್ಡೆ ಬೆಳೆಸಿ, ಕಿವಿಯ ನಾಳಕ್ಕೆ ಕಂದು ಬಣ್ಣದ ಔಷಧ ಚುಚ್ಚುತ್ತಿದ್ದರು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳು, ನ್ಯಾನೋ ಅನ್ನುತ್ತಿದ್ದರು. ಒಂದು ದಿನ ಕಳೆಯುವಷ್ಟರಲ್ಲಿ ಅವು ಗಡ್ಡೆಯೊಳಗೆ ಇಂಗುತ್ತಿದ್ದವು. ಮರುದಿನ ಸ್ಕ್ಯಾನ್ ಮಾಡಿದರೆ ಕೂದಲೆಳೆಯಂಥ ರಕ್ತನಾಳವೂ ಎದ್ದು ಕಾಣುತ್ತಿತ್ತು. ಚುಚ್ಚುವಾಗ ಮೊಲ ಬೆದರದಂತೆ ಅಂಗೈಯಿಂದ ಅದರ ಕಣ್ಣು ಮುಚ್ಚುವುದು ಮೊಲದಣ್ಣನ ಪಾಲಿನ ಕೆಲಸ.

ಮದುವೆಯಾದ ಹೊಸದರಲ್ಲಿ ಹೆಂಡತಿ ಕೇಳಿದ್ದಳು: “ಫೋಟೋ ತೆಗೆದ ಮೇಲೆ ಅವು ಎಲ್ಲಿಗೆ ಹೋಗ್ತಾವೆ?”

“ಇನ್ನೊಂದು ಶೆಡ್ಡಿಗೆ,” ಅಂದಿದ್ದ. ಅಂಥ ಶೆಡ್ಡೇ ಇರಲಿಲ್ಲ. ಚಿತ್ರ ಸರಿಯೋ ತಪ್ಪೋ ಎಂದು ತಾಳೆ ನೋಡಲು, ಮೊಲವನ್ನು ಕೊಂದು ಮಿದುಳು ತೆಗೆಯುತ್ತಿದ್ದರು.

ಈಗ ಆ ಔಷಧ ಮನುಷ್ಯರ ತನಕ ಬಂದಿತ್ತು. ನಿನ್ನೆ ಆಸ್ಪತ್ರೆಯಲ್ಲಿ ಅದನ್ನು, ಮಿದುಳಿನಲ್ಲಿ ಗಡ್ಡೆಯಿದ್ದ ಅವನ ಹೆಂಡತಿಗೇ ಹಾಕಿದ್ದರು.

“ಇದು ನಿಮ್ಮ ಮೊಲಗಳದ್ದೇ ಅಲ್ವೇನ್ರೀ?” ಅಂದಿದ್ದಳು, ಸೂಜಿ ನೋಡಿ. “ಹಾಗಾದ್ರೆ ನನ್ನ ಕಣ್ಣೂ ಮುಚ್ಚಿ. ಅವಕ್ಕಿಂತ ನಾನೇನು ಕಡಿಮೆ?”

“ನೀನು ಕಚ್ಚಿಬಿಟ್ರೆ?”

“ಇಷ್ಟು ವರ್ಷ ಕಚ್ಚದೆ ಬಿಟ್ಟಿದ್ದೇ ನಿಮ್ಮ ಪುಣ್ಯ.” ನರ್ಸು ನಕ್ಕಿದ್ದಳು. ಅವನ ಅಂಗೈಯಡಿ ಹೆಂಡತಿಯ ರೆಪ್ಪೆ ಪಟಪಟನೆ ಅದುರಿತ್ತು.

ಹುಲ್ಲು ಹಾಕಿ, ಕೈ ತೊಳೆದು ಆಸ್ಪತ್ರೆಗೆ ಹೋದ. ಮಧ್ಯಾಹ್ನ ಡಾಕ್ಟರಮ್ಮ ಅವನೊಬ್ಬನನ್ನೇ ಒಳಗೆ ಕರೆದು ಚಿತ್ರ ತೋರಿಸಿದರು. ಕಲ್ಲಿನ ಸಂದಿಯಲ್ಲಿ ಬೇರುಬಿಟ್ಟ ಕಳೆಯ ಹಾಗೆ ಗಡ್ಡೆ ದೊಡ್ಡ ನಾಳವನ್ನೇ ತಬ್ಬಿಕೊಂಡಿತ್ತು.

“ಕತ್ತರಿ ಆಡಿಸೋಕೆ ಜಾಗವೇ ಇಲ್ಲ. ಈ ಔಷಧ ಇಲ್ಲದಿದ್ರೆ ಇಷ್ಟು ಸ್ಪಷ್ಟವಾಗಿ ಕಾಣ್ತಿರಲಿಲ್ಲ. ಸುಮ್ಮನೆ ತಲೆ ತೆರೆದು ನೋವು ಕೊಡ್ತಿದ್ವಿ.” ಚಿತ್ರ ಕೆಳಗಿಟ್ಟು ಅಂದರು, “ಮಳೆಗಾಲದ ತನಕ, ಅಷ್ಟೇ.”

ಅವನು ಎದ್ದು ವಾರ್ಡಿಗೆ ಹೋದ.

ಹೆಂಡತಿ ಮಂಚದ ಮೇಲೆ ಜಡೆ ಹೆಣೆದುಕೊಳ್ಳುತ್ತಿದ್ದಳು. “ಫೋಟೋ ಹೇಗೆ ಬಂತಂತೆ?”

“ಚೆನ್ನಾಗಿ ಬಂದಿದೆ.”

“ನಿಮ್ಮ ಹತ್ತಿರ ನಂದೊಂದು ಉತ್ತರ ಬಾಕಿ ಇದೆ. ಇನ್ನೊಂದು ಶೆಡ್ಡು ಇದೆಯೇನ್ರೀ?”

ಅವನು ಮಂಚದ ಅಂಚಿನಲ್ಲಿ ಕೂತ. ಆಮೇಲೆ, “ಇಲ್ಲ ಕಣೇ. ಯಾವತ್ತೂ ಇರಲಿಲ್ಲ,” ಅಂದ.

“ಗೊತ್ತಿತ್ತು. ಮೊಲ ಹೋದ ದಿನ ಮನೆಗೆ ಬಂದು ಎರಡೆರಡು ಸಲ ಕೈ ತೊಳೀತಿದ್ರಿ. ನಿಮ್ಮ ಬಾಯಲ್ಲೇ ಕೇಳಬೇಕಿತ್ತು.”

ಡಾಕ್ಟರಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದ. ಮಳೆಗಾಲ ಅಂದಾಗ ಅವಳ ಬೆರಳು ಜಡೆಯಲ್ಲಿ ನಿಂತಿತು. ಆಮೇಲೆ ಮತ್ತೆ ಹೆಣೆಯತೊಡಗಿತು.

“ನಾಳೆ ಯಾವುದರ ಸರದಿ?”

“ಕಪ್ಪು ಕಿವಿಯದ್ದು.”

“ಅದರ ಕಣ್ಣು ಸರಿಯಾಗಿ ಮುಚ್ಚಿ,” ಅಂದಳು. “ನಿನ್ನೆ ನಿಮ್ಮ ಬೆರಳ ಸಂದಿಯಲ್ಲಿ ನಂಗೆ ಸೂಜಿ ಕಾಣ್ತಿತ್ತು.”