ನಮ್ಮವಳು

ಹಬೆ ಏಳುತ್ತಿದೆ, ಮಗ್ಗಿನ ಅಂಚಿನಿಂದೆದ್ದು ಕಿಟಕಿಯಾಚೆ ಸರೋವರದ ಮಂಜಿಗೇ ಸೇರಿಹೋಗುವ ಹಾಗೆ, ಮಗ್ಗಿನ ಮೇಲೆ ನೀಲಿಯಲ್ಲಿ ನನ್ನ ಹೆಸರು, ರಾಗ್ನಾ, ಪಕ್ಕದಲ್ಲಿ ಈ ಪಂಪ್ ಕಂಪನಿಯ ಗುರುತು — ಕಾಫಿ ತಂದಿಟ್ಟವನು ಕರ್ಟ್, ಕಂಪನಿಯ ಹಣಕಾಸು ನೋಡುವವನು, ತಗೋ ರಾಗ್ನಾ, ಸಕ್ಕರೆ ಹಾಕಿಲ್ಲ, ನಿನ್ನ ವರದಿ ಥರಾನೇ ಕಹಿ. ಸಭೆಯ ಕೋಣೆಯ ತೆರೆದ ಬಾಗಿಲಿನಾಚೆ ಕಂಪನಿಯ ಅಡುಗೆಕೋಣೆಯ ಗೋಡೆ, ಸಾಲಾಗಿ ಕೊಕ್ಕೆಗಳು, ಎಲ್ಲದರಲ್ಲೂ ಒಂದೊಂದು ಮಗ್ಗು, ಕರ್ಟ್‌ನದರ ಪಕ್ಕದ ಕೊಕ್ಕೆ ಮಾತ್ರ ಖಾಲಿ, ಅದು ನನ್ನದು, ಹೊರಗಿನಿಂದ ಬಂದು ಇವರ ಲೆಕ್ಕ ನೋಡುವ ಆಡಿಟರಿಗೆ ಒಳಮನೆಯಲ್ಲೊಂದು ಕೊಕ್ಕೆ, ನೀನು ನಮ್ಮವಳೇ ಬಿಡು ಎಂದು ಇವರೇ ಹೊಡೆಸಿಕೊಟ್ಟದ್ದು, ಆಗ ಹಿಗ್ಗಿದೆನಲ್ಲ, ಯಾಕೆ ಹಿಗ್ಗಿದೆ. ಶ್ರೀಮತಿ ಆರ್ನೆಸನ್ ಕನ್ನಡಕ ಏರಿಸಿಕೊಂಡು ಹಾಳೆ ತಿರುವುತ್ತಿದ್ದಾರೆ, ಆಡಿಟ್ ಸಮಿತಿಯ ಅಧ್ಯಕ್ಷೆ, ಊಟಕ್ಕೆ ಮುಂಚಿನ ಕೊನೆಯ ಪ್ರಶ್ನೆ ಅವರದೇ, ನೀವು ಈ ಕಂಪನಿಯಿಂದ ಸ್ವತಂತ್ರರೇ, ವರ್ಷಕ್ಕೊಮ್ಮೆ ಮುಖಾಮುಖಿ ಕೇಳಬೇಕೆಂದು ಕಟ್ಟಳೆ, ವರ್ಷಕ್ಕೊಮ್ಮೆ ನಾನು ಹೌದು ಎನ್ನುತ್ತೇನೆ, ಹಿಂದೆಯೇ ಮೀನಿನ ಸೂಪು ಬರುತ್ತದೆ.

ಈ ಸಲ ಸೂಪು ಆರಲಿ. ಇವರ ಗೋದಾಮಿನಲ್ಲಿ ಬಿದ್ದ ಹಳೇ ಪಂಪುಗಳಿಗೆ ಬೆಲೆ ಕಟ್ಟಿದವರು ಇವರಲ್ಲ, ನಮ್ಮದೇ ಆಡಿಟ್ ಕಚೇರಿಯ ಮೇಲಿನ ಮಹಡಿಯವರು, ಗೊತ್ತಾದದ್ದು ಸೋಮವಾರ, ಆ ಬೆಲೆ ಸರಿಯೇ ಎಂದು ನೋಡಿ ಸಹಿ ಹಾಕಬೇಕಾದವಳು ನಾನು, ನಾವೇ ಬರೆದು ನಾವೇ ತಿದ್ದಿ ನಾವೇ ಶಭಾಷ್ ಅಂದುಕೊಳ್ಳುವುದು. ವಿನ್‌ಗೆ ಫೋನ್ ಮಾಡಿದೆ, ನಮ್ಮ ಹಿರಿಯ ಪಾಲುದಾರ, ಅವನ ದನಿಯಲ್ಲಿ ಆಕಳಿಕೆ — ಸಣ್ಣ ಸಹಾಯ ಕಣೇ, ಬೇಸಿಗೇಲಿ ಅವರ ಹತ್ರ ಜನ ಇರ್ಲಿಲ್ಲ, ಬೆಲೆ ತಪ್ಪಾಗಿದ್ಯಾ, ಹೇಳು, ಇಲ್ಲ, ತಪ್ಪಿಲ್ಲ ಅಂದೆ, ಮತ್ತೇನು, ಹೌದು ಅಂದ್ಬಿಡು ಮುಗೀತು, ಇಲ್ಲ ಅಂದ್ರೆ ಅವರು ಬೇರೆ ಆಡಿಟರ್ ಹುಡುಕ್ತಾರೆ, ನೀನು ಬೇರೆ ಕೆಲಸ ಹುಡುಕು. ಅದಕ್ಕೆ ನಾನು ಅಂದದ್ದೇನು, ಹಾಗಲ್ಲ ವಿನ್, ನಮ್ಮ ದಾಸ್ತಾನು ತೀರಾ ಹಳೇದು — ನಮ್ಮ. ಇವರ ಗೋದಾಮು, ಇವರ ತುಕ್ಕು, ನನ್ನ ನಾಲಗೆಗೆ ನಮ್ಮದು. ವಿನ್‌ಗೆ ಅದು ಕೇಳಿಸಲೇ ಇಲ್ಲ, ನನಗೆ ಕೇಳಿಸಿತು.

ಅಜ್ಜಿಯಾದರೆ ನಗುತ್ತಿದ್ದಳು. ಜಿಲ್ಲಾ ಜಾತ್ರೆಯಲ್ಲಿ ಲೆಫ್ಸೆ ಸ್ಪರ್ಧೆಗೆ ಅವಳೇ ತೀರ್ಪುಗಾರ್ತಿ, ಆ ಆಲೂಗಡ್ಡೆ ರೊಟ್ಟಿ ಲಟ್ಟಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ, ಆ ದಿನಗಳಲ್ಲಿ ತನ್ನ ಲಟ್ಟಣಿಗೆಯನ್ನೂ ಯಾರಿಗೂ ಕೊಡಳು, ನೆರೆಮನೆಯ ಬೊರ್ಗಿಲ್ಡ್ ಬಾಗಿಲಲ್ಲಿ ನಿಂತು, ಅಲ್ವೇ, ಲಟ್ಟಣಿಗೆ ನನ್ನ ಕಡೆ ಓಟು ಹಾಕುತ್ತಾ, ಅಜ್ಜಿ ಅನ್ನುವಳು, ಇಲ್ಲ ಬಿಡು, ಆದ್ರೆ ನಿನ್ನ ರೊಟ್ಟಿ ಕಚ್ಚಿದಾಗ ಅಬ್ಬ, ನನ್ನ ಲಟ್ಟಣಿಗೆ ಎಷ್ಟು ಚೆಂದ ಅನ್ನಿಸಿಬಿಟ್ರೆ — ಸಂಜೆ ದೀಪದೆದುರು ಪ್ರಾರ್ಥನೆಯ ಪದ್ಯ ಒಪ್ಪಿಸುವಾಗಲೂ ಹಾಗೇ, ನಾನು ಸಾಲು ಮರೆತರೆ ಸುಮ್ಮನೆ ಕೂರುವಳು, ಹೇಳಿಕೊಡಜ್ಜಿ ಎಂದು ಅತ್ತರೂ ತುಟಿ ಬಿಚ್ಚಳು, ಕೇಳೋಳೇ ಹೇಳಿಕೊಟ್ರೆ ಕೇಳೋರು ಯಾರು ಮಗಾ.

ಕೇಳುವವರು ಯಾರು. ಶ್ರೀಮತಿ ಆರ್ನೆಸನ್ ತಲೆ ಎತ್ತುತ್ತಾರೆ, ಕರ್ಟ್ ಆಗಲೇ ಕರವಸ್ತ್ರ ಬಿಡಿಸಿ ತೊಡೆಯ ಮೇಲೆ ಹಾಸಿಕೊಂಡಿದ್ದಾನೆ, ರಾಗ್ನಾ, ನೀವು ಸ್ವತಂತ್ರರೇ, ಇಲ್ಲ. ಏನಂದ್ರಿ. ಇಲ್ಲ ಅಂದೆ. ಕರ್ಟ್ ನಗುತ್ತಾನೆ, ನಮ್ಮ ರಾಗ್ನಾಗೆ ಹಸಿವಾದ್ರೆ ತಮಾಷೆ ಜಾಸ್ತಿ ಮೇಡಂ — ತಮಾಷೆ ಅಲ್ಲ ಕರ್ಟ್, ನಿಮ್ಮ ದಾಸ್ತಾನಿಗೆ ಬೆಲೆ ಕಟ್ಟಿದ್ದು ನನ್ನ ಕಚೇರಿ, ಆ ಬೆಲೆಗೆ ನಾನು ಸಹಿ ಹಾಕೋದಿಲ್ಲ. ನಿಮ್ಮ, ಬಾಯಿಗೆ ಎಷ್ಟು ಹಗುರ ಆ ಮಾತು, ನಿಮ್ಮ ಗೋದಾಮು, ನಿಮ್ಮ ಪಂಪು, ನಿಮ್ಮ ಕಾಫಿ. ನೀನು ನಮ್ಮವಳು ಅಂದ್ಕೊಂಡಿದ್ವಿ, ಅವನ ದನಿ ತಗ್ಗಿದೆ, ಅದೇ ತೊಂದ್ರೆ ಆದದ್ದು ಕರ್ಟ್, ವಿನ್ ಏನಾದರೂ ಅನ್ನಲಿ, ನಾಳೆ ನನ್ನ ಕುರ್ಚಿಯಲ್ಲಿ ಯಾರಾದರೂ ಕೂರಲಿ, ಮಗ್ಗನ್ನು ಮೇಜಿನ ಮೇಲೆ ತಳ್ಳುತ್ತೇನೆ, ಗುಟುಕೂ ಕುಡಿಯದ ಕಾಫಿ, ಹಿಡಿಕೆ ಅವನ ಕಡೆಗೆ, ಹಬೆ ನಿಂತಿದೆ, ಬಾಗಿಲಿನಾಚೆ ಆ ಗೋಡೆ, ಆ ಸಾಲು, ಕರ್ಟ್‌ನ ಮಗ್ಗಿನ ಪಕ್ಕ ಆ ಕೊಕ್ಕೆ, ಖಾಲಿ ಕೊಕ್ಕೆ, ಖಾಲಿ —