ಕಣಿವೆಗೆ ಇಳಿದ ಅಕ್ಕ

ಗಂಟಲಿನ ಆಪರೇಷನ್ ಆದ ಮೇಲೆ ತಂಗಿಯ ದನಿ ಪಿಸುಮಾತಿಗೆ ಇಳಿದುಬಿಟ್ಟಿತು. ದನಿ ಮರಳಿ ಬಂದೇ ಬರುತ್ತದೆ, ಯಾವಾಗ ಎಂದು ಮಾತ್ರ ಹೇಳಲಾಗದು ಎಂದರು ಡಾಕ್ಟರು. ಅವಳ ಕೆಲಸವೋ ಮಾತಿನದೇ. ಊರಾಚೆಯ ಕೆಂಪು ಕಣಿವೆ ನೋಡಲು ಬರುವವರಿಗೆ ಅವಳು ಗೈಡ್. ಒಂದು ಕಾಲಕ್ಕೆ ಅಲ್ಲಿ ಸಮುದ್ರವಿತ್ತು, ಅದರ ತಳದ ಮರಳೇ ಪದರ ಪದರವಾಗಿ ಕಲ್ಲಾಯಿತು, ಆಮೇಲೆ ನದಿ ಅದನ್ನು ಕೊರೆಯಿತು ಎಂದು ತೋರಿಸುತ್ತ ಕೆಳಗಿಳಿಸುತ್ತಿದ್ದಳು.

ಪ್ರವಾಸಿಗರ ತಂಡವೊಂದು ಬರುವುದಿತ್ತು. ಬೇರೆ ಗೈಡ್ ಇರಲಿಲ್ಲ. ತಂಗಿ ಅಕ್ಕನ ಟೈಲರಿಂಗ್ ಅಂಗಡಿಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಳು. ಅಕ್ಕ ಮಿಷನ್ ನಿಲ್ಲಿಸಿದಳು.

"ನೀನು ಕಿವೀಲಿ ಹೇಳು, ನಾನು ಗಟ್ಟಿಯಾಗಿ ಹೇಳ್ತೀನಿ."

ತಂಗಿಗೆ ನಂಬಿಕೆ ಬರಲಿಲ್ಲ. ಅಕ್ಕನಿಗೆ ಎತ್ತರವೆಂದರೆ ಜೀವ ಬಾಯಿಗೆ ಬರುತ್ತಿತ್ತು. ಹುಟ್ಟಿದ ಊರಿನ ಕಣಿವೆಗೆ ಒಮ್ಮೆಯೂ ಇಳಿದವಳಲ್ಲ.

ಆದರೂ ಇಳಿದಳು. ಕಡಿದಾದ ಕಡೆ ಕೂತುಕೊಂಡೇ ಜಾರಿದಳು, ಸೀರೆ ಹಾಳಾಯಿತೆಂದು ಗೊಣಗಿದಳು, ತಂಗಿಯ ಪಿಸುಮಾತನ್ನು ಮಾತ್ರ ಒಂದೂ ಬಿಡದೆ ಕೂಗಿ ಹೇಳಿದಳು. ನಡುದಾರಿಯಲ್ಲಿ ಗಾಳಿ ಜೋರಾಗಿ, ಕಿವಿಗೆ ಬಾಯಿಟ್ಟರೂ ಏನೂ ಕೇಳದಂತಾಯಿತು. ಎದುರಿಗೆ ಬಾನೆತ್ತರದ ಗೋಡೆ, ಅದರಲ್ಲಿ ಬಾಗಿ ಬಳುಕಿದ ಪದರಗಳು. ಎಲ್ಲರೂ ಅಕ್ಕನನ್ನೇ ನೋಡುತ್ತಿದ್ದರು.

"ಬಟ್ಟೇನ ಎರಡೂ ಕಡೆಯಿಂದ ತಳ್ಳಿದ್ರೆ ನೆರಿಗೆ ಬೀಳಲ್ವಾ, ಹಾಗೇ ಇದೂ," ಎಂದಳು ಅಕ್ಕ. "ತಳ್ಳಿದ್ಯಾರು ಅಂತ ನನ್ನ ಕೇಳ್ಬೇಡಿ."

ಜನ ನಕ್ಕರು. ತಂಗಿ ತಲೆಯಾಡಿಸಿ, ನೆಲವೇ ನೆಲವನ್ನು ಒತ್ತಿದ್ದನ್ನು ಎರಡು ಅಂಗೈ ಸೇರಿಸಿ ತೋರಿಸಿದಳು.

ಕೆಳಗೆ ಮುಟ್ಟಿದಾಗ ತಂಡದವರು ನದಿಯ ಗುಂಟ ಚದುರಿದರು. ಅಕ್ಕ ನೀರಲ್ಲಿ ಕಾಲಿಟ್ಟು ಕೂತು, ತಲೆಯೆತ್ತಿ ಆ ಗೋಡೆಗಳನ್ನು ನೋಡಿದಳು.

"ದಿನಾ ಇಲ್ಲಿಗೆ ಬರ್ತೀಯ ಅಂತ ಗೊತ್ತಿತ್ತು," ಎಂದಳು. "ಇಂಥಾದ್ದನ್ನ ನೋಡ್ತಿದ್ದೀಯ ಅಂತ ಗೊತ್ತಿರ್ಲಿಲ್ಲ ಕಣೆ. ನಿನ್ನಿಂದ ನಾನೂ ನೋಡಿದೆ."

ಉಪಕಾರ ನೆನೆಯಬೇಕಾದವಳು ತಾನು, ಅಕ್ಕ ತನಗೇ ಹೇಳುತ್ತಿದ್ದಾಳಲ್ಲ ಎಂದುಕೊಂಡಳು ತಂಗಿ. ಅಕ್ಕನ ಹೆಗಲಿಗೆ ತಲೆ ಆನಿಸಿದಳು.

ಪ್ರವಾಸಿಗರ ಆ ಋತುವೆಲ್ಲ ಅಕ್ಕ ಬೆಳಿಗ್ಗೆ ತಂಗಿಯ ಜೊತೆ ಕಣಿವೆಗೆ ಇಳಿದಳು, ಅಂಗಡಿಯ ಬಾಗಿಲು ಮಧ್ಯಾಹ್ನದ ಮೇಲೆಯೇ ತೆರೆಯಿತು. ಹೊಲಿಯಲು ಕೊಟ್ಟವರು ಗೊಣಗಿಕೊಂಡೇ ಕಾದರು. ದನಿ ಸ್ವಲ್ಪ ಸ್ವಲ್ಪವಾಗಿ, ತುಸು ಒರಟಾಗಿ ಮರಳಿತು. ಅದು ಪೂರ್ತಿ ಬಂದ ದಿನ ತಂಗಿ ಅಂಗಡಿಗೆ ಓಡಿ, ಹೊಸ್ತಿಲಲ್ಲೇ ನಿಂತು "ಅಕ್ಕಾ" ಎಂದು ಬೀದಿಗೆಲ್ಲ ಕೇಳುವಂತೆ ಕರೆದಳು.

ಅಕ್ಕ ಕತ್ತರಿ ಕೆಳಗಿಟ್ಟು ಕಣ್ಣೊರೆಸಿಕೊಂಡಳು. ಆಮೇಲೆ, ನಾಳೆಯ ತಂಡ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿ, ತಾನೂ ಬರುತ್ತೇನೆ ಎಂದಳು.